ಬೆಳ್ಳಿ ಬಣ್ಣ ಬಳಿದ ನಾಜಲ್

ಕುಪ್ಪುಸ್ವಾಮಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅವನದು ಹಾಗೆ. ಊರಿಗಾಮಿನ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಇಪ್ಪತ್ತು ಮನೆಗೆ ಒಂದು ಸಾಲು ಕಕ್ಕಸು. ಉಳಿದ ಮಕ್ಕಳು ಚೊಂಬು ಹಿಡಿದು ಹರಟೆ ಹೊಡೆಯುತ್ತಾ ಸರದಿಯಲ್ಲಿ ನಿಂತರೆ, ಇವನು ಬನಿಯನ್ನಿನ ಕೊರಳನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬರ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ. ಮದುವೆಮನೆಯ ಎಲೆಯಲ್ಲಿ ಒಂದು ಕೂದಲು ಸಿಕ್ಕಿದರೆ ಸಾಕು, ಎರಡು ದಿನ ಅನ್ನದ ಮುಖ ನೋಡುತ್ತಿರಲಿಲ್ಲ. ಅವನ ತಾಯಿ ಮುನಿಗಂಗಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು, "ಇವ್ನು ಅರಮನೇಲಿ ಉಟ್ಬೇಕಾಗಿತ್ತಮ್ಮ. ದಾರಿ ತಪ್ಪಿ ನನ್ನೊಟ್ಟೇಗೆ ಬಂದವ್ನೆ."

ಇಂಥವನು ಹಿಡಿದ ಕಸುಬು ಯಾವುದು ಅಂತೀರಿ? ಊರವರ ಗಾಡಿಗಳ ಹೊಲಸು ತೊಳೆಯುವುದು. ಆಂಡರ್ಸನ್‌ಪೇಟೆ ಮುಗಿದು ಬಂಗಾರಪೇಟೆಯ ರಸ್ತೆ ಶುರುವಾಗುವ ಕಡೆ ತಗಡಿನ ಶೆಡ್ಡು, ಒಂದು ಬೋರು, ಒಂದು ಸಿಮೆಂಟಿನ ತೊಟ್ಟಿ, ಜೋರು ನೀರಿನ ಒಂದು ಮೆಷಿನ್ನು. ತಗಡಿನ ಮೇಲೆ ಕೆಂಪಕ್ಷರದಲ್ಲಿ "ಕುಪ್ಪುಸ್ವಾಮಿ ವಾಟರ್ ಸರ್ವೀಸ್". ಕೇಳಿದವರು ನಗುತ್ತಿದ್ದರು. ಆದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಕೊಳೆಯನ್ನು ಕಂಡರೆ ಆಗದವನಿಗೆ ಕೊಳೆ ಎಲ್ಲೆಲ್ಲಿ ಅಡಗಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಮೇಲಾಗಿ ಆ ಮೆಷಿನ್ನಿನ ಪೈಪಿನ ತುದಿಯ ಗನ್ನು ಕೈಯಲ್ಲಿದ್ದರೆ ಯಾವ ಹೊಲಸನ್ನೂ ಮುಟ್ಟಬೇಕಾಗಿಲ್ಲ. ನಾಲ್ಕು ಅಡಿ ದೂರ ನಿಂತು ಕುದುರೆ ಒತ್ತಿದರೆ ಅದು ತಾನಾಗಿಯೇ ಚರಂಡಿಗೆ ಹೋಗುತ್ತದೆ. ಆ ನಾಲ್ಕು ಅಡಿಗಾಗಿಯೇ ಅವನು ಆ ಮೆಷಿನ್ನು ತಂದದ್ದು.

ಅವನಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಗೆ ಇಳಿಯುತ್ತಿದ್ದವನು. ಮಗನ ಸರದಿ ಬರುವ ಹೊತ್ತಿಗೆ ಗಣಿಯೇ ಬಾಗಿಲು ಹಾಕುವುದರಲ್ಲಿತ್ತು. ಕುಪ್ಪುಸ್ವಾಮಿ ಬಂಗಾರಪೇಟೆಯ ಒಂದು ಲಾರಿ ಗ್ಯಾರೇಜು ಸೇರಿ ಹನ್ನೊಂದು ವರ್ಷ ಗ್ರೀಸು ಹೊಡೆದ. ಉಗುರಿನ ಸಂದಿಯ ಕಪ್ಪು ಹೋಗಲೆಂದು ದಿನಾ ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನಲ್ಲಿ ತೊಳೆದು, ನಿಂಬೆಹೋಳಿನಲ್ಲಿ ಉಜ್ಜಿ, ಆಮೇಲೂ ಊಟದ ತಟ್ಟೆಯ ಮುಂದೆ ಕೂತು ಕೈ ಮೂಸಿ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಮುನಿಲಕ್ಷ್ಮಿ ಅವನ ಅಕ್ಕನ ಮಗಳೇ. ಚಿಕ್ಕಂದಿನಿಂದ ಈ ಹುಚ್ಚು ನೋಡಿಕೊಂಡೇ ಬೆಳೆದವಳು. ಅವಳೇ ಒಂದು ದಿನ ಹೇಳಿದಳು, "ಮಾವ, ಆ ಗ್ರೀಸು ಬುಡು. ನೀರಿನ ಕೆಲ್ಸ ಮಾಡು. ನಿನ್ನ ಒಟ್ಟೇಗಾದ್ರೂ ಅನ್ನ ಇಳೀತದೆ."

ಅನ್ನ ಇಳಿಯಿತೋ ಇಲ್ಲವೋ, ಹದಿನೈದು ವರ್ಷ ಉರುಳಿತು. ಅಷ್ಟು ವರ್ಷಗಳಲ್ಲಿ ಆ ಶೆಡ್ಡಿಗೆ ಬಂದದ್ದನ್ನೆಲ್ಲ ಹೇಳಿದರೆ ನೀವೂ ಊಟ ಬಿಡುತ್ತೀರಿ. ಸ್ಕೂಲು ವ್ಯಾನಿನ ಸೀಟಿನ ಸಂದಿಯಲ್ಲಿ ಮೂರು ದಿನದ ವಾಂತಿ. ಬಸ್ಸಿನ ಪಕ್ಕೆಯುದ್ದಕ್ಕೂ ಎಲೆಯಡಿಕೆಯ ಉಗುಳು, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಉಗುಳು. ಕುರಿ ಸಾಗಿಸುವ ಟೆಂಪೋ, ಅದರ ಹಲಗೆಯಡಿ ಹೆಪ್ಪುಗಟ್ಟಿದ ಉಚ್ಚೆ. ಹೊಸ ಕಾರು ತಂದವನು ಬಾಗಿಲ ಜೇಬಿನಲ್ಲಿ ಕಡಿದ ಕೋಳಿ ಮೂಳೆ ಬಿಟ್ಟಿರುತ್ತಾನೆ, ಅದಕ್ಕೆ ಇರುವೆ ಮುತ್ತಿರುತ್ತದೆ. ಮೈಮೇಲೆ ಇಸ್ತ್ರಿ ಅಂಗಿ, ಗಾಡಿಯೊಳಗೆ ತಿಪ್ಪೆ. ಮೇಲೆ ಥಳುಕು ಒಳಗೆ ಹುಳುಕು ಎನ್ನುವ ಗಾದೆ ಮಾಡಿದವನು ಒಂದು ದಿನವಾದರೂ ಕಾರು ತೊಳೆದಿರಬೇಕು ಎಂದು ಕುಪ್ಪುಸ್ವಾಮಿಗೆ ಅನುಮಾನ.

ಇವೆಲ್ಲಕ್ಕಿಂತ ಅವನಿಗೆ ಅಸಹ್ಯವೆನಿಸುತ್ತಿದ್ದದ್ದು ಜನರ ಒಂದು ಮಾತು. "ಫೋರ್ಸಾಗಿ ಒಡಿ ಅಣ್ಣ, ಇನ್ನೂ ಫೋರ್ಸಾಗಿ ಒಡಿ." ಜೋರಾಗಿ ಹೊಡೆದಷ್ಟೂ ಕೊಳೆ ಹೋಗುತ್ತದೆ ಎಂದು ಎಲ್ಲರಿಗೂ ನಂಬಿಕೆ. ಮೆಷಿನ್ನಿನ ಜೋರು ಯಾವಾಗಲೂ ಅಷ್ಟೇ ಇರುತ್ತದೆ, ಕೆಲಸ ಮಾಡುವುದು ಗನ್ನಿನ ತುದಿಗೆ ಸಿಕ್ಕಿಸುವ ನಾಜಲ್ ಎಂದು ಎಷ್ಟು ಬಾರಿ ಹೇಳಿದರೂ ಕಿವಿಗೆ ಹಾಕಿಕೊಳ್ಳರು. ನಾಜಲ್‌ಗಳು ಐದು. ಹೆಬ್ಬೆರಳಿನಷ್ಟು ಉದ್ದ, ಒಂದೊಂದರ ಕೊರಳಿಗೆ ಒಂದೊಂದು ಬಣ್ಣ. ಕಪ್ಪು ಸೋಪಿಗೆ. ಬಿಳಿಯದು ನೀರನ್ನು ಮೊರದಗಲ ಹರಡುತ್ತದೆ, ಗಾಜಿಗೂ ಪೇಂಟಿಗೂ ಅದೇ ಸರಿ. ಹಸಿರು ಸ್ವಲ್ಪ ಕಿರಿದು, ಬಾಗಿಲಿನ ಕೆಳಗಣ ಕೆಸರಿಗೆ. ಹಳದಿ ಇನ್ನೂ ಕಿರಿದು, ಟೈರಿಗೆ, ಮಡ್ಗಾರ್ಡಿಗೆ. ಕೆಂಪಿನದು ಮಾತ್ರ ಹರಡುವುದೇ ಇಲ್ಲ. ಅಷ್ಟೂ ನೀರನ್ನು ಒಂದೇ ಎಳೆ ಮಾಡಿ ಬಿಡುತ್ತದೆ. ಮರದ ಹಲಗೆಗೆ ಹೊಡೆದರೆ ಗೀರು ಬೀಳುತ್ತದೆ, ಕಾರಿಗೆ ಹೊಡೆದರೆ ಪೇಂಟು ಸಿಪ್ಪೆಯೇಳುತ್ತದೆ. ಕೆಂಪನ್ನು ಅವನು ವರ್ಷಕ್ಕೆ ನಾಲ್ಕು ಸಲವೂ ಮುಟ್ಟುತ್ತಿರಲಿಲ್ಲ. "ಉಗುರಲ್ಲಿ ಓಗೋದಕ್ಕೆ ಕೊಡ್ಲಿ ಯಾಕೆ" ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದ. ಯಾವ ನಾಜಲ್ ಹಾಕಿದರೂ ಮೊದಲ ನೀರನ್ನು ಚರಂಡಿಗೆ ಹೊಡೆದು, ಹೇಗೆ ಹರಡುತ್ತದೆಂದು ನೋಡಿಯೇ ಗಾಡಿಯ ಕಡೆ ತಿರುಗುತ್ತಿದ್ದ. ಇದು ಅವನು ತಪ್ಪದೆ ಪಾಲಿಸಿಕೊಂಡು ಬಂದ ನೇಮ.

ಆ ಶೆಡ್ಡಿಗೆ ಬರುವ ಗಾಡಿಗಳಲ್ಲೆಲ್ಲ ಹೊಲಸಾದದ್ದು ಸುಬ್ಬರಾಯಪ್ಪನದು. ಬೂದಿಕೋಟೆ ಕಡೆಯ ಹಳ್ಳಿಯವನು. ಕೋಳಿ ಫಾರಂಗಳಿಂದ ಗೊಬ್ಬರ ತುಂಬಿ ತೋಟಗಳಿಗೆ ಹಾಕುವ ಟೆಂಪೋ ಅವನದು. ಅದು ರಸ್ತೆ ತಿರುವಿನಲ್ಲಿರುವಾಗಲೇ ಕುಪ್ಪುಸ್ವಾಮಿಯ ಮೂಗಿಗೆ ಗೊತ್ತಾಗುತ್ತಿತ್ತು. ಕಣ್ಣು ಉರಿಸುವ ಆ ವಾಸನೆ, ಹಲಗೆಗೆ ಸಿಮೆಂಟಿನ ಹಾಗೆ ಹಿಡಿದ ಹಿಕ್ಕೆ, ಅದರಲ್ಲಿ ಹೂತ ಪುಕ್ಕ, ಮಳೆಗಾಲವಾದರೆ ಬಿಳಿಯ ಹುಳ. ಗಾಡಿ ಹಾಗೆ, ಗಾಡಿಯವನು ಅದಕ್ಕಿಂತ ಒಂದು ಕೈ ಮೇಲು. ಚಪ್ಪಲಿ ಕಂಡ ಕಾಲಲ್ಲ ಅದು. ಗೊಬ್ಬರದ ಮೇಲೇ ಹತ್ತುತ್ತಾನೆ, ಅದೇ ಕಾಲಲ್ಲಿ ಕ್ಲಚ್ಚು ಒತ್ತುತ್ತಾನೆ. ಕೆಮ್ಮಿ ಉಗಿದು ಅಂಗೈ ಪಂಚೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ಕುಪ್ಪುಸ್ವಾಮಿಯ ಭುಜ ತಟ್ಟುತ್ತಾನೆ. ಹೋಗುವ ಮುಂಚೆ ಪ್ರತಿವಾರವೂ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕಾಲಿಟ್ಟು ಹೇಳುತ್ತಾನೆ, "ಕುಪ್ಪಣ್ಣ, ಕಾಲಿಗೂ ರವಷ್ಟು ಒಡಿ."

ಹಿಮ್ಮಡಿ ತುಂಬ ಬಿರುಕು, ಬಿರುಕಿನ ತುಂಬ ಕಪ್ಪು. ಬೆರಳ ಸಂದಿಯಲ್ಲಿ ಬೂದು ಬಣ್ಣದ ಲೋಳೆ. ಹೆಬ್ಬೆರಳಿನ ಉಗುರು ಹಳದಿಗಟ್ಟಿ ದಪ್ಪವಾಗಿ ಮೇಲಕ್ಕೆ ತಿರುಗಿತ್ತು. ಅದನ್ನು ನೋಡಿದ ದಿನ ಕುಪ್ಪುಸ್ವಾಮಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಆ ಕಡೆಯ ಡ್ರೈವರುಗಳೆಲ್ಲ ಕೇಳುವುದು ಹಾಗೆಯೇ, ಗಾಡಿ ತೊಳೆಸಿದ ಮೇಲೆ ಕಾಲು ತೊಳೆಸಿಕೊಳ್ಳುವುದು ಅಲ್ಲಿಯ ಮರ್ಯಾದೆ. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡಿದ್ದ. ಬಿಳಿ ನಾಜಲ್ ಹಾಕಿ, ನಾಲ್ಕಡಿ ದೂರ ನಿಂತು, ಗನ್ನನ್ನು ಕಾಲಿನ ಕಡೆ ಹಿಡಿದು, ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕುದುರೆ ಒತ್ತುತ್ತಿದ್ದ. "ಸಾಕು" ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಿಡುತ್ತಿದ್ದ.

ಆ ವರ್ಷದ ಆಯುಧಪೂಜೆ ಬಂತು. ವಾಟರ್ ಸರ್ವೀಸಿನವನಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆಟೋ, ಟ್ರ್ಯಾಕ್ಟರ್, ಜೆಸಿಬಿ, ಸೈಕಲ್ಲು ಕೂಡ ಬರುತ್ತವೆ. ವರ್ಷವಿಡೀ ನೀರು ಕಾಣದ ಗಾಡಿಗಳಿಗೆಲ್ಲ ಅಂದು ಭಕ್ತಿ. ಹಬ್ಬದ ಹಿಂದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಕೈ ಕಟ್ಟಿ ಕೂತ ಕುಪ್ಪುಸ್ವಾಮಿಯ ಕಣ್ಣು ನಾಜಲ್‌ಗಳ ಮೇಲೆ ಬಿತ್ತು. ಮೆಷಿನ್ನಿನ ಪಕ್ಕದ ಹಲಗೆಯ ಮೇಲಿನ ಐದು ತೂತುಗಳಲ್ಲಿ ಐದೂ ನಿಂತಿದ್ದವು, ಒಂದೊಂದರ ಮೈಗೂ ಸೋಪಿನ ಪಾಚಿ, ಗ್ರೀಸಿನ ಜಿಡ್ಡು. ನಾಳೆ ದೇವರ ಮುಂದೆ ಇಡುವ ಆಯುಧ ಹೀಗಿರುವುದೇ? ಅವನಿಗೆ ಮೈ ಜುಂ ಅಂದಿತು. ಐದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ. ತೃಪ್ತಿಯಾಗಲಿಲ್ಲ. ಶಟರಿಗೆ ಬಳಿದು ಉಳಿದ ಸಿಲ್ವರ್ ಪೇಂಟು ಡಬ್ಬಿಯಲ್ಲಿತ್ತು. ಹಬ್ಬಕ್ಕೆ ಆಯುಧಗಳಿಗೆಲ್ಲ ಹೊಸ ಬಣ್ಣ ಬಳಿಯುವುದು ಆ ಊರಿನ ರೂಢಿ, ಮೆಷಿನ್ನಿಗೂ ಅದನ್ನೇ ಬಳಿದಿದ್ದ. ಐದಕ್ಕೂ ತುದಿಯಿಂದ ಬುಡದ ತನಕ, ಕೊರಳಿನ ಬಣ್ಣವೂ ಮುಚ್ಚುವ ಹಾಗೆ ಬಳಿದು ಒಣಗಲು ಇಟ್ಟ. ಐದೂ ಪಳಪಳ ಹೊಳೆದವು.

ಮುನಿಲಕ್ಷ್ಮಿ ನೋಡಿ ಕೇಳಿದಳು, "ಮಾವ, ಇದ್ರಾಗೆ ಯಾವ್ದು ಯಾವ್ದು ಅಂತ ಎಂಗೆ ಗೊತ್ತಾಯ್ತದೆ?"

"ಅದ್ನೈದು ವರ್ಸ ಇಡ್ದಿರೋ ಕೈಗೆ ಬಣ್ಣ ಬೇಕೇನೆ? ಚರಂಡೀಗೆ ಒಂದೇಟು ಒಡುದ್ರೆ ಅದೇ ಏಳ್ತದೆ."

ಹಬ್ಬದ ಬೆಳಿಗ್ಗೆ ಅವಳು ಮೆಷಿನ್ನಿಗೆ ವಿಭೂತಿ ಪಟ್ಟೆ ಎಳೆದು, ನಾಜಲ್‌ಗಳನ್ನು ದೀಪದ ಸುತ್ತ ಜೋಡಿಸಿ ಅರಿಶಿನ ಕುಂಕುಮ ಇಟ್ಟಳು. ಶೆಡ್ಡಿನ ಎರಡು ಕಂಬಗಳಿಗೂ ಬಾಳೆಕಂದು ಕಟ್ಟಿದ್ದರು. ಬೂದುಗುಂಬಳ ಒಡೆದು ಮುಗಿಯುವ ಹೊತ್ತಿಗೆ ರಸ್ತೆಯ ಮೇಲೆ ಗಾಡಿಗಳ ಸಾಲು. ಬೆಳಗಿನಿಂದ ಅವನ ಮಾತೇ ನಿಜವಾಯಿತು. ನಾಜಲ್ ಬದಲಿಸುವಾಗಲೆಲ್ಲ ಚರಂಡಿಗೆ ಹೊಡೆದು ನೋಡಿದ, ಒಂದೂ ತಪ್ಪಲಿಲ್ಲ.

ಸುಬ್ಬರಾಯಪ್ಪ ಹತ್ತಕ್ಕೇ ಬಂದಿದ್ದ. ಕುಪ್ಪುಸ್ವಾಮಿ ಬೇಕೆಂದೇ ಅವನನ್ನು ಹಿಂದೆ ಹಾಕಿದ. ಹಬ್ಬದ ದಿನ ಆ ವಾಸನೆ ಮುಂದಿದ್ದರೆ ಬೇರೆ ಗಿರಾಕಿ ನಿಲ್ಲುವುದಿಲ್ಲ ಎಂಬ ನೆಪ. ಅವನು ಬೇಸರಪಟ್ಟುಕೊಳ್ಳದೆ ಬೇವಿನ ಮರದ ಕೆಳಗೆ ಕೂತು ಯಾರು ಯಾರದೋ ಪುರಿ ಬಾಳೆಹಣ್ಣು ತಿನ್ನುತ್ತಿದ್ದ. ಹನ್ನೆರಡೂವರೆಗೆ ಅವನ ಸರದಿ ಬಂತು. ಟವಲನ್ನು ಮೂಗಿಗೆ ಬಿಗಿದುಕೊಂಡು ಕುಪ್ಪುಸ್ವಾಮಿ ಶುರು ಮಾಡಿದ. ಹಳದಿಯದು ಸಾಕಾಗಲಿಲ್ಲ. ಚಾಸಿಯ ಸಂದಿಯಲ್ಲಿ ವರ್ಷದ ಹಿಕ್ಕೆ ಕಲ್ಲಾಗಿ ಕೂತಿತ್ತು. ಕೊನೆಗೆ ಕೆಂಪಿನ ನಾಜಲ್ ಹಾಕಿ, ಗಾಡಿಯಡಿ ಬಗ್ಗಿ ಕಿತ್ತುಹಾಕಿದ. ಕಪ್ಪು ನೀರು ಹಿಂದಕ್ಕೆ ಎರಚಿ ಅವನ ಟವಲಿನ ಮೇಲೆ, ರೆಪ್ಪೆಯ ಮೇಲೆ ಬಿತ್ತು. ಹೊಟ್ಟೆಯಲ್ಲಿದ್ದ ಕಾಫಿ ಬಾಯಿಗೆ ಬಂತು, ನುಂಗಿಕೊಂಡ.

ಕೆಂಪಿನದನ್ನು ಬಿಚ್ಚಿ, ಅದರ ತೂತಿಗೆ ಹಾಕದೆ ಹಲಗೆಯ ಅಂಚಿಗೆ ಇಟ್ಟ. ಅಷ್ಟರಲ್ಲಿ ಮುನಿಲಕ್ಷ್ಮಿ ಮಜ್ಜಿಗೆ ತಂದಳು. ಕುಡಿಯಲಾಗದೆ ಲೋಟ ವಾಪಸು ಕೊಟ್ಟ. ತಿರುಗಿದರೆ ಸುಬ್ಬರಾಯಪ್ಪ ಆಗಲೇ ಕಲ್ಲಿನ ಮೇಲೆ ಕಾಲಿಟ್ಟಿದ್ದ.

"ಇವತ್ತು ಅಬ್ಬ ಕಣಣ್ಣ, ಬೆಳ್ಳುಗೆ ಆಗ್ಬೇಕು ನೋಡು," ಎಂದು ಕಾಲನ್ನು ಗನ್ನಿನ ಹತ್ತಿರಕ್ಕೇ ಚಾಚಿದ. ಬೆರಳ ಸಂದಿಯಲ್ಲಿ ಹಸಿ ಹಿಕ್ಕೆ ಇತ್ತು, ಅದರಲ್ಲಿ ಒಂದು ಹುಳ ಆಡುತ್ತಿತ್ತು.

ಕುಪ್ಪುಸ್ವಾಮಿ ಹಲಗೆಯ ಕಡೆ ಕೈ ಚಾಚಿ ಬೆರಳಿಗೆ ಸಿಕ್ಕಿದ ನಾಜಲ್ ಸಿಕ್ಕಿಸಿದ. ಮುಖ ರಸ್ತೆಯ ಕಡೆ ತಿರುಗಿತು. ಚರಂಡಿಯ ನೇಮ ಅವನಿಗೆ ನೆನಪಾಗಲಿಲ್ಲ. ಆ ಕಾಲು ಕಣ್ಣ ಮುಂದಿನಿಂದ ಹೋದರೆ ಸಾಕಾಗಿತ್ತು. ಒತ್ತಿದ.

ಬಿಳಿ ನಾಜಲ್ ನೀರು ಬಿಟ್ಟರೆ ಅಗಲವಾದ ಸದ್ದು ಬರುತ್ತದೆ. ಇದು ಕಿರುಚಿತು. ಅವನ ಕಿವಿ ಕಣ್ಣಿಗಿಂತ ಮೊದಲೇ ತಿಳಿದುಕೊಂಡಿತು, ಬೆರಳು ಬಿಟ್ಟಿತು. ಆದರೆ ಸುಬ್ಬರಾಯಪ್ಪ "ಅಯ್ಯಪ್ಪಾ" ಎಂದು ಕಾಲು ಎಳೆದುಕೊಂಡಾಗಿತ್ತು. ಪಾದದ ಮೇಲೆ, ಕಿರುಬೆರಳಿನ ಬುಡದಲ್ಲಿ, ರಾಗಿಕಾಳಿನಷ್ಟು ತೂತು. ಒಂದು ತೊಟ್ಟು ರಕ್ತ ಕೂಡ ಬರಲಿಲ್ಲ.

"ಏನ್ ಕುಪ್ಪಣ್ಣ, ಕಾಲ್ಗೂ ಪಂಚರ್ ಮಾಡ್ಬುಟ್ಟೆ?" ಎಂದು ಸುಬ್ಬರಾಯಪ್ಪ ನಕ್ಕ. ಸುತ್ತ ನಿಂತವರೂ ನಕ್ಕರು. ಅವನು ಪೂಜೆಯ ತಟ್ಟೆಯಿಂದ ಚಿಟಿಕೆ ಅರಿಶಿನ ತೆಗೆದು ತೂತಿಗೆ ಒತ್ತಿದ. "ಏಮೀ ಕಾದು, ಏನೂ ಆಗಲ್ಲ ಬಿಡು. ಸೊಳ್ಳೆ ಕಚ್ದಂಗೈತೆ."

ಕುಪ್ಪುಸ್ವಾಮಿ ನಗಲಿಲ್ಲ. ಗ್ಯಾರೇಜಿನಲ್ಲಿ ಅವನ ಜೊತೆ ರಾಜ್‌ಕುಮಾರ್ ಎಂಬೊಬ್ಬನಿದ್ದ. ಒಂದು ದಿನ ಗ್ರೀಸು ಗನ್ನಿನ ಮೂತಿ ಜಾರಿ ಅವನ ಎಡ ಅಂಗೈಗೆ ಇಂಥದ್ದೇ ತೂತು ಬಿತ್ತು. ಅವನೂ ನಕ್ಕಿದ್ದ. ಚಿಂದಿ ಸುತ್ತಿಕೊಂಡು, ಬನ್ನು ಟೀ ತಿಂದು, ಯಾರಿಗೂ ಹೇಳದೆ ಕೆಲಸ ಮಾಡಿದ. ಮೂರನೇ ದಿನ ಕೈ ಬೂದುಗುಂಬಳದಂತೆ ಊದಿತ್ತು. ನಾಲ್ಕು ಬೆರಳು ತೆಗೆದರು. ಅವನನ್ನು ಆಸ್ಪತ್ರೆಗೆ ಒಯ್ದಾಗ ಚಿಂದಿ ಬಿಚ್ಚು ಎಂದು ಡಾಕ್ಟರು ಹೇಳಿದ್ದು ಕುಪ್ಪುಸ್ವಾಮಿಗೇ. ಒಂದು ಸುತ್ತು ಬಿಚ್ಚಿದ. ಎರಡನೇ ಸುತ್ತಿಗೆ ಬಂದ ವಾಸನೆಗೆ ಹೊರಗೋಡಿ ಮೋರಿಯ ಪಕ್ಕ ಕಾರಿಕೊಂಡ, ಮತ್ತೆ ಒಳಗೆ ಹೋಗಲಿಲ್ಲ. ಜೋರಿನಿಂದ ಒಳಹೊಕ್ಕದ್ದು ಮೇಲೆ ಏನೂ ತೋರಿಸದೆ ಒಳಗೆಲ್ಲ ಹರಡುತ್ತದೆ ಎಂದು ಅವನಿಗೆ ಅಂದಿನಿಂದಲೇ ಗೊತ್ತು. ಇಲ್ಲಿ ಒಳಹೋದದ್ದು ಬರೀ ನೀರೂ ಅಲ್ಲ, ಬೆರಳ ಸಂದಿಯಲ್ಲಿದ್ದುದೂ ಜೊತೆಗೆ ಹೋಗಿತ್ತು.

ಈಗ ನಿಜ ಹೇಳಬೇಕು. ಅವನಿಗೆ ಮೊದಲು ಹೊಳೆದದ್ದು ಆಸ್ಪತ್ರೆಯಲ್ಲ. ಸುಬ್ಬರಾಯಪ್ಪ ಬರಿಗಾಲಲ್ಲಿ ಎಲ್ಲೆಲ್ಲೋ ತುಳಿಯುವವನು, ನಾಳೆ ಕಾಲು ಊದಿದರೆ ಮುಳ್ಳೋ ಮೊಳೆಯೋ ಎಂದುಕೊಳ್ಳುತ್ತಾನೆ ಎಂದು ಹೊಳೆಯಿತು. ಯಾವ ನಾಜಲ್ ಎಂದು ಕೇಳುವವರು ಯಾರು? ಐದೂ ಬೆಳ್ಳಿ ಬಣ್ಣ. ಬಾಯಿ ತೆರೆದ, ಮುಚ್ಚಿದ. ಟೆಂಪೋ ಹಾರನ್ನು ಹೊಡೆದು ಬಂಗಾರಪೇಟೆಯ ಕಡೆ ತಿರುಗಿತು. ಇವನು ನಿಂತು ನೋಡಿದ.

ಮುಂದಿನದು ಒಂದು ಬಿಳಿ ಕಾರು. ತೊಳೆದ. ಅದಾದ ಮೇಲೆ ಎರಡು ಆಟೋ. ಟವಲು ಬದಲಿಸಿದ್ದ, ಮುಖ ತೊಳೆದಿದ್ದ, ಆದರೂ ಕೋಳಿ ಗೊಬ್ಬರದ ವಾಸನೆ ಹೋಗಲಿಲ್ಲ. ಶೆಡ್ಡಿನಲ್ಲಿ ಹುಡುಕಿದ, ಚರಂಡಿಯಲ್ಲಿ ನೋಡಿದ, ಕೊನೆಗೆ ತನ್ನ ಕೈಯನ್ನೇ ಮೂಸಿದ. ಸೋಪಿನ ವಾಸನೆ ಮಾತ್ರ ಬಂತು. ಬಿಚ್ಚಿ ಹಲಗೆಯ ಅಂಚಿಗಿಟ್ಟಿದ್ದ ಆ ಕೆಂಪಿನ ನಾಜಲನ್ನು ಮತ್ತೆ ಗನ್ನಿಗೆ ಹಾಕಿ, ಕಂಬಕ್ಕೆ ಕಟ್ಟಿದ ಬಾಳೆಕಂದಿಗೆ ಒಂದೇ ಸಲ ಒತ್ತಿದ. ಹೊರಗೆ ರಾಗಿಕಾಳಿನಷ್ಟು ತೂತು. ಕುಡುಗೋಲು ತಂದು ಕಂದನ್ನು ಸೀಳಿದ. ಒಳಗೆ ಅಂಗೈಯಗಲ ತಿರುಳು ನುಜ್ಜಾಗಿ ನೀರು ಸೋರುತ್ತಿತ್ತು.

"ಥೂ," ಎಂದ. ಹದಿನೈದು ವರ್ಷ ಆ ಶೆಡ್ಡಿನಲ್ಲಿ ಕಂಡದ್ದಕ್ಕೆಲ್ಲ ಥೂ ಎಂದಿದ್ದ. ಇಂಥ ಹೊಲಸನ್ನು ಕಂಡಿರಲಿಲ್ಲ. ಅದು ತನ್ನೊಳಗೇ ಇತ್ತು, ಯಾವ ನಾಜಲ್ಲಿಗೂ ಬಗ್ಗುವಂಥದ್ದಲ್ಲ.

ಫೋನು ಮಾಡಿದ, ಸುಬ್ಬರಾಯಪ್ಪ ಎತ್ತಲಿಲ್ಲ. ಮೆಷಿನ್ನು ಆರಿಸಿ ಸ್ಕೂಟರು ತೆಗೆದ. ಸಾಲಿನಲ್ಲಿದ್ದವರು ಕೂಗಾಡಿದರು. ಮುನಿಲಕ್ಷ್ಮಿ, "ಅಬ್ಬದ ದಿನ ಗಿರಾಕೀನ ಬುಟ್ಟು ಎಲ್ಲಿಗೆ ಮಾವ?" ಎಂದರೆ, "ಸುಬ್ರಾಯಪ್ಪನ ಕಾಲ್ ನೋಡ್ಬೇಕು" ಎಂದಷ್ಟೇ ಹೇಳಿದ. ತನ್ನ ಕಿವಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅವಳಿಗೆ ಅನುಮಾನ ಬಂತು.

ಬಂಗಾರಪೇಟೆ ದಾಟಿ ಹಳ್ಳಿ ಮುಟ್ಟುವಾಗ ನಾಲ್ಕು ಗಂಟೆ. ಸುಬ್ಬರಾಯಪ್ಪನ ಮನೆಯ ಮುಂದೆ ಟೆಂಪೋಗೆ ಸೇವಂತಿ ಹಾರ ಹಾಕಿ, ಕುಂಬಳಕಾಯಿ ಒಡೆದಿದ್ದರು. ಅವನು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಪಾದವೆಲ್ಲ ಅರಿಶಿನ ಸುಣ್ಣದ ದಪ್ಪ ಪಟ್ಟು. ಪಕ್ಕದಲ್ಲಿ ಅವನ ಹೆಂಡತಿ ಆದಿಲಕ್ಷ್ಮಿ ಬೀಸಣಿಗೆ ಹಿಡಿದಿದ್ದಳು.

"ಬಾ ಕುಪ್ಪಣ್ಣ, ಒಬ್ಬಟ್ಟು ತಿನ್ನು," ಎಂದ ಸುಬ್ಬರಾಯಪ್ಪ. ಮುಖ ಮಾತ್ರ ಬಿಳಿಚಿತ್ತು. "ರವಷ್ಟು ಸೆಳೀತೈತೆ, ಅಷ್ಟೇ."

"ಯೋವ್, ಎದ್ದೇಳು. ಆಸ್ಪತ್ರೆಗೆ ಓಗಾನ."

"ಸೊಳ್ಳೆ ಕಚ್ಚಿದ್ದುಕ್ಕೆ ಆಸ್ಪತ್ರೇನಾ?"

ಕುಪ್ಪುಸ್ವಾಮಿ ಹಿತ್ತಲ ತೊಟ್ಟಿಯಿಂದ ಚೊಂಬಿನಲ್ಲಿ ನೀರು ತಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ. ನೀರು ಹೊಯ್ದು ಪಟ್ಟನ್ನು ಕೈಯಿಂದಲೇ ಒರೆಸಿದ. ಅರಿಶಿನದ ಕೆಳಗಿನ ಕೊಳೆ ಉಗುರಿನ ಸಂದಿಗೆ ಬಂತು. ಇನ್ನೊಂದು ಸಲ ನೀರು ಹೊಯ್ದ. ಪಟ್ಟು ಹೋದ ಮೇಲೆ ಪಾದ ಕಂಡಿತು. ಕಿರುಬೆರಳೂ ಅದರ ಪಕ್ಕದ್ದೂ ಬೂದು ಬಣ್ಣಕ್ಕೆ ತಿರುಗಿ ಬಿಗಿದಿದ್ದವು, ಪಾದ ಗಿಣ್ಣಿನ ತನಕ ಊದಿತ್ತು. ತೂತಿನ ಪಕ್ಕ ಒತ್ತಿದರೆ ಒಳಗೆ ನೀರು ಆಡಿತು.

ಆದಿಲಕ್ಷ್ಮಿ ಬೀಸಣಿಗೆ ನಿಲ್ಲಿಸಿದಳು. "ಇದೇನಣ್ಣಾ ಇಂಗಾಗದೆ? ನೀರು ತಾನೆ ತಾಕಿದ್ದು?"

"ನೀರೇ ತಾಯಿ. ನಾನು ತಪ್ಪು ನಾಜಲ್ ಆಕ್ಬುಟ್ಟೆ. ಎಲ್ಲದಕ್ಕೂ ನಾನೇ ಒಂದೇ ಬಣ್ಣ ಬಳ್ದಿದ್ದೆ. ಒಡೆಯೋವಾಗ ನೋಡ್ಲೂ ಇಲ್ಲ." ನಿಲ್ಲಿಸಿದ. ಉಳಿದರ್ಧ ಹೇಳದಿದ್ದರೆ ಹೇಳಿದ್ದಕ್ಕೆ ಬೆಲೆಯಿಲ್ಲ ಎನಿಸಿತು. "ನಿನ್ನ ಕಾಲು ಕಂಡ್ರೆ ನಂಗೆ ಏಸ್ಗೆ ಸುಬ್ರಾಯಪ್ಪ. ಅದುಕ್ಕೆ ಮಕ ತಿರಿಗಿಸ್ಕೊಂಡಿದ್ದೆ. ಗೊತ್ತಾದ್ಮೇಲೂ ಬಾಯ್ ಬುಡ್ಲಿಲ್ಲ, ನೀನು ಓಗೋದ್ನ ನೋಡ್ಕೊಂಡು ನಿಂತಿದ್ದೆ."

ಸುಬ್ಬರಾಯಪ್ಪ ಪಂಚೆಯ ತುದಿಯಿಂದ ಕಾಲಿನ ನೀರು ಒರೆಸಿಕೊಂಡ.

"ಮಕ ತಿರಿಗಿಸ್ಕೊಂತೀಯ ಅಂತ ನಂಗೆ ಗೊತ್ತಿಲ್ವಾ? ನಾಕು ವರ್ಸದಿಂದ ನೋಡ್ತಾ ಇವ್ನಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕಾಲಲ್ಲಿ ಮನೇಗೆ ಬಂದ್ರೆ ಮೊಮ್ಮಗಳು ಅತ್ರ ಬರಲ್ಲ ಕಣಣ್ಣ. ತಾತ ನಾತ ಅಂತಾಳೆ. ಅದುಕ್ಕೇ ನಿನ್ತಾವ ಕೇಳ್ತಿದ್ದೆ."

ತಾನು ನಾಲ್ಕು ವರ್ಷ ಬಚ್ಚಿಟ್ಟುಕೊಂಡೆ ಎಂದು ಕುಪ್ಪುಸ್ವಾಮಿ ಅಂದುಕೊಂಡಿದ್ದ ಹೇಸಿಗೆಯನ್ನು ಈ ಮನುಷ್ಯ ವಾರವಾರವೂ ನೋಡಿ, ನುಂಗಿಕೊಂಡು, ಭುಜ ತಟ್ಟಿ ಹೋಗುತ್ತಿದ್ದ.

ಸ್ಕೂಟರಿನ ಹಿಂದೆ ಅವನನ್ನು ಕೂರಿಸಿಕೊಂಡ. ಕಾಲು ಇಳಿಬಿಟ್ಟರೆ ನೋವೆಂದು ಸುಬ್ಬರಾಯಪ್ಪ ಪಕ್ಕಕ್ಕೆ ಚಾಚಿ, ಎರಡು ಕೈಯಲ್ಲೂ ಇವನ ಹೊಟ್ಟೆ ತಬ್ಬಿ ಕೂತ. ಬೆವರು, ಗೊಬ್ಬರ, ಹೊಗೆಸೊಪ್ಪು, ಎಲ್ಲ ಒಟ್ಟಿಗೆ ಕುತ್ತಿಗೆಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಕುಪ್ಪುಸ್ವಾಮಿಗೆ ಓಕರಿಕೆ ಬಂತು. ಎಲ್ಲೂ ನಿಲ್ಲಿಸಲಿಲ್ಲ. ಬಂಗಾರಪೇಟೆಯಲ್ಲಿ ನೋಡಿದ ಡಾಕ್ಟರು ತೂತನ್ನು ಕಂಡದ್ದೇ ತಡ, ಮರುಮಾತಿಲ್ಲದೆ ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು.

ಕೋಲಾರದಲ್ಲಿ ಪಾದದ ಮೇಲ್ಭಾಗವನ್ನು ಉದ್ದಕ್ಕೆ ಕುಯ್ದು ಬಿಡಿಸಿದರು. ಎಂಥ ನೀರು, ಎಷ್ಟು ಜೋರು, ಅದರಲ್ಲಿ ಏನಿತ್ತು ಎಂದು ಡಾಕ್ಟರಮ್ಮ ಕೇಳಿದಾಗ ಕುಪ್ಪುಸ್ವಾಮಿ ಒಂದನ್ನೂ ಬಿಡದೆ ಹೇಳಿದ. ಒಳಗಿಂದ ಕಪ್ಪು ನೀರು ಬಂತು, ಕೊಳೆತ ಮೊಟ್ಟೆಯ ವಾಸನೆ ಬಂತು, ಚಿಮಟದ ತುದಿಯಲ್ಲಿ ಎಳ್ಳಿನಷ್ಟು ಪುಕ್ಕದ ಚೂರು ಬಂತು. ಆಕೆ ಅದನ್ನು ತಟ್ಟೆಯಲ್ಲಿಟ್ಟು ಇವನಿಗೆ ತೋರಿಸಿದರು. ಮೂರನೇ ದಿನ ಎರಡು ಬೆರಳು ತೆಗೆದರು, ಪಾದ ಉಳಿಯಿತು.

"ಇನ್ನೆರಡು ಗಂಟೆ ಮುಂಚೆ ಕರೆತಂದಿದ್ದರೆ ಬೆರಳುಗಳೂ ಉಳಿಯುತ್ತಿದ್ದವೇನೋ," ಎಂದರು ಡಾಕ್ಟರಮ್ಮ. ಬೈಗುಳವಾಗಿ ಹೇಳಿದ್ದಲ್ಲ. ಆ ಎರಡು ಗಂಟೆಯಲ್ಲಿ ತಾನು ಒಂದು ಬಿಳಿ ಕಾರು, ಎರಡು ಆಟೋ ತೊಳೆದದ್ದು ಕುಪ್ಪುಸ್ವಾಮಿಗೆ ಚೆನ್ನಾಗಿ ನೆನಪಿತ್ತು.

ಊರಿಗೆ ಬಂದವನು ಮೊದಲು ಮಾಡಿದ ಕೆಲಸ, ಐದು ನಾಜಲ್‌ಗಳ ಬೆಳ್ಳಿ ಬಣ್ಣವನ್ನು ಬ್ಲೇಡಿನಿಂದ ಕೆರೆದದ್ದು. ಕೆಂಪಿನದನ್ನು ಸುತ್ತಿಗೆಯಲ್ಲಿ ಜಜ್ಜಿ ಚರಂಡಿಗೆ ಎಸೆದ. ಹಲಗೆಯಲ್ಲಿ ಆ ತೂತು ಈಗಲೂ ಖಾಲಿ ಇದೆ. ಫೋರ್ಸಾಗಿ ಹೊಡಿ ಎನ್ನುವವರಿಗೆ ಅದನ್ನು ತೋರಿಸಿ, ಬೇರೆ ಕಡೆ ಹೋಗಿ ಎನ್ನುತ್ತಾನೆ. ಯಾಕೆ ಎಂದರೆ ಹೇಳುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರಸ್ತೆ ತಿರುವಿನಿಂದ ಆ ವಾಸನೆ ಬಂತು. ಟೆಂಪೋ ನಿಂತಿತು. ಸುಬ್ಬರಾಯಪ್ಪ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿ, ಒಂದು ಕಡೆ ವಾಲಿಕೊಂಡು ಇಳಿದ. ಕುಪ್ಪುಸ್ವಾಮಿ ಟವಲು ಬಿಗಿದುಕೊಂಡು ಗಾಡಿ ತೊಳೆದ. ಮುಗಿದ ಮೇಲೆ ಅವನು ಚಪ್ಪಲಿ ಬಿಟ್ಟು, ಮೂರು ಬೆರಳಿನ ಕಾಲನ್ನು ಕಲ್ಲಿನ ಮೇಲಿಟ್ಟ. ಮಾಯ್ದ ಕಡೆ ಚರ್ಮ ನೇರಳೆ ಬಣ್ಣಕ್ಕೆ ಸುಕ್ಕಾಗಿತ್ತು. ಹಿಮ್ಮಡಿಯ ಬಿರುಕು, ಬಿರುಕಿನ ಕಪ್ಪು, ಎಲ್ಲ ಹಾಗೇ ಇದ್ದವು.

ಕುಪ್ಪುಸ್ವಾಮಿ ಗನ್ನನ್ನು ಗೋಡೆಗೆ ಸಿಕ್ಕಿಸಿದ. ತೊಟ್ಟಿಯಿಂದ ಮಗ್ಗಿನಲ್ಲಿ ನೀರು ಮೊಗೆದು, ಸೋಪು ಹಿಡಿದು ಕುಕ್ಕರುಗಾಲಲ್ಲಿ ಕೂತ. ಕಾಲನ್ನು ಕೈಗೆ ತೆಗೆದುಕೊಂಡ. ಹೇಸಿಗೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಕುಪ್ಪಣ್ಣ," ಎಂದ ಸುಬ್ಬರಾಯಪ್ಪ ಮೇಲಿಂದ, "ಬೇಕಾದ್ರೆ ಮಕ ತಿರಿಗಿಸ್ಕೋ. ಮಗ್ಗು ತಾನೆ, ಏನೂ ಆಗಲ್ಲ."

ಕುಪ್ಪುಸ್ವಾಮಿ ಬೆರಳ ಸಂದಿಗೆ ಸೋಪು ಹಾಕಿ ಉಜ್ಜಿದ. ಆಮೇಲೆ ಬೆರಳಿಲ್ಲದ ಕಡೆಯನ್ನೂ ಉಜ್ಜಿದ. ಮುಖ ತಿರುಗಿಸಲಿಲ್ಲ.